ಖಾಲಿ ಡಬ್ಬ ಕೊಡಬಾರದು

ಇದನ್ನು ಹಿಂದೆಯೂ ಬರೆದು ಹರಿದು ಹಾಕಿದ್ದೇನೆ. ಒಮ್ಮೆ ಅದು ಅಮ್ಮನ ಕಥೆಯಾಯಿತು, ಓದಿದವರ ಕಣ್ಣು ತೇವವಾಗುವಂತಿತ್ತು. ಇನ್ನೊಮ್ಮೆ ಜಗತ್ತಿನ ರಾಜಕೀಯದ ಕಥೆಯಾಯಿತು, ಬರೆದವಳು ಬಹಳ ತಿಳಿದವಳು ಎಂದು ತೋರುವಂತಿತ್ತು. ಎರಡರಲ್ಲೂ ಜೋರು ಮಳೆ ಇತ್ತು. ನಿಜವಾಗಿ ಆ ದಿನ ಮಳೆ ಇರಲಿಲ್ಲ. ಕುಂದಾಪುರದ ನಮ್ಮ ಮನೆಯಲ್ಲಿ ಅಮ್ಮ ಮತ್ತು ನಾನು ಮಧ್ಯಾಹ್ನದ ಊಟಕ್ಕೆ ಕೂತಿದ್ದೆವು. ಹೊರಗೆ ಬಿಸಿಲಿತ್ತು, ಅಮ್ಮ ಮೀನಿನ ಮುಳ್ಳು ಬಿಡಿಸುತ್ತಿದ್ದಳು. ಬಂಗುಡೆ ಎಂದು ನೆನಪು. ಬಂಗುಡೆ ಅಲ್ಲದಿರಲೂಬಹುದು.

ಆಗ ನಾನು ಶೀತಲ ಸಮರದ ಕಾಲದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಕಮ್ಯುನಿಸ್ಟರು ಎಲ್ಲಿಯೂ ಗೆಲ್ಲಬಾರದು ಎಂದು ದೊಡ್ಡ ದೇಶದ ಸರ್ಕಾರವೂ ಕ್ಯಾಥೊಲಿಕ್ ಚರ್ಚಿನ ಕೆಲವು ಹಿರಿಯರೂ ಕೈಜೋಡಿಸಿದ ಕಾಲ ಅದು. ಒಂದು ಕಡೆ ಚುನಾವಣೆಗೆ ಹಣ, ಇನ್ನೊಂದು ಕಡೆ ಕೆಂಬಾವುಟ ಹಿಡಿಯದ ಕಾರ್ಮಿಕ ಸಂಘಕ್ಕೆ ನೆರವು, ಮತ್ತೆಲ್ಲೋ ಹಸಿದ ಮಕ್ಕಳಿಗೆ ಗೋಧಿ, ಎಣ್ಣೆ, ಹಾಲಿನ ಪುಡಿ. ಮಾಲು ಆ ಸರ್ಕಾರದ್ದು, ಹಂಚುವ ಕೈ ಚರ್ಚಿನದ್ದು. ಹಡಗಿನಿಂದ ಇಳಿದದ್ದು ಒಳನಾಡಿಗೆ ಹೋಗಲು ನಮ್ಮ ಸರ್ಕಾರವೂ ದಾರಿ ಬಿಟ್ಟುಕೊಟ್ಟಿತ್ತು. ಅದರಲ್ಲಿ ಕರುಣೆ ಎಷ್ಟು, ಲೆಕ್ಕಾಚಾರ ಎಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ. ಈಗ ಹಾಗೆ ಬರೆಯುತ್ತೇನೆ. ಅಂದು ಬೇರ್ಪಡಿಸುವ ಯೋಚನೆಯೇ ನನಗೆ ಬಂದಿರಲಿಲ್ಲ. ನನಗೆ ಖುಷಿಯಾಗಿತ್ತು. ಹಂಗಾರಕಟ್ಟೆಯ ಒಂದು ಮುಳಿಹುಲ್ಲಿನ ಮನೆಗೆ, ನನ್ನ ಅಮ್ಮನ ತವರಿಗೆ, ಬರುತ್ತಿದ್ದ ಹಾಲಿನ ಪುಡಿ ಜಗತ್ತಿನ ಚರಿತ್ರೆಯೊಳಗೆ ಸೇರಿಕೊಂಡಿತಲ್ಲ ಎಂಬ ಖುಷಿ. ನಾಚಿಕೆ ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ಆ ಖುಷಿಯನ್ನೇ ತೋರಿಸಬೇಕು.

"ಕಾನ್ವೆಂಟಿಂದ ನಿಂಗೆ ಹಾಲಿನ್ ಪುಡಿ ಸಿಕ್ತಿತ್ತ್ ಅಲ್ದಾ?" ಎಂದು ಕೇಳಿದೆ.

"ನಂಗಲ್ಲ, ತಮ್ಮಂದಿರಿಗೆ. ನಾನ್ ಆಗ ಹೆಂಚಿನ್ ಫ್ಯಾಕ್ಟರಿಗ್ ಹೋತಿದ್ದೆ. ಬಪ್ಪತಿಗೆ ದಾರಿಯಂಗೆ ತಕಂಡ್ ಬಪ್ಪುದ್ ನಾನೇ."

"ಅದನ್ ಕಳ್ಸುದ್ ಯಾರ್ ಗೊತ್ತಿತಾ?"

"ಡಬ್ಬದ್ ಮೇಲೆ ಎರಡ್ ಕೈ ಇತ್ತ್, ಕುಲ್ಕುದ್. ಒಂದ್ ಕೈ ಅವ್ರದ್, ಒಂದ್ ನಮ್ದ್ ಅಂದಿ ಸಿಸ್ಟರ್ ಹೇಳ್ತಿದ್ರ್."

ನಾನು ಓದಿದ್ದನ್ನೆಲ್ಲ ಹೇಳಿದೆ. ಬಡವರು ಕೆಂಬಾವುಟದ ಹಿಂದೆ ಹೋಗಬಾರದು ಅಂತ ಕಳಿಸುತ್ತಿದ್ದದ್ದು, ಅದರ ಹಿಂದೆ ದೊಡ್ಡ ದೊಡ್ಡವರ ಮಾತುಕತೆ ಇತ್ತು ಎಂದೆ. ಅಮ್ಮ ನಕ್ಕಳು.

"ಯಾರ್, ನನ್ನ ತಮ್ಮಂದಿರ್ ಕಮ್ಯುನಿಸ್ಟ್ ಆಪುಕಾಗ ಅಂದ್ಯಾ? ಅವ್ರಿಗೆ ಹಲ್ಲೇ ಬಂದಿತ್ತಿಲ್ಲೆ ಹೆಣೆ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಡಬ್ಬದ ಬಗ್ಗೆ ಕೇಳಿದೆ. ಅದು ಮನೆಯಲ್ಲೇ ಉಳಿಯುತ್ತಿತ್ತೇ?

"ಇಲ್ಲೆ. ತೊಳ್ದ್ ವಾಪಾಸ್ ಕೊಟ್ರೇ ಮತ್ತ್ ತುಂಬ್ಸಿ ಕೊಡುದ್. ಖಾಲಿ ಡಬ್ಬ ಕೊಡುಕಾತ್ತಾ? ಎಂತಾರೂ ಹಾಕಿಯೇ ಕೊಡ್ಕ್."

ಇದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಬೇರೆಯವರ ಮನೆಯ ಪಾತ್ರೆ ಖಾಲಿಯಾಗಿ ವಾಪಸು ಹೋಗಬಾರದು. ಒಂದು ತುಂಡು ಬೆಲ್ಲ, ಹಿತ್ತಲಿನ ನಾಲ್ಕು ಹಸಿಮೆಣಸು, ಏನೂ ಇಲ್ಲದಿದ್ದರೆ ಒಂದು ಹೂವು. ನಮ್ಮ ಬಾವಿಯಾಚೆಯ ಮನೆಯಲ್ಲಿ ಬಟ್ಟೆ ಹೊಲಿಯುವ ಕ್ರೈಸ್ತ ಹೆಂಗಸೊಬ್ಬಳಿದ್ದಾಳೆ. ನನ್ನ ವಯಸ್ಸಿನವಳೇ. ಅಮ್ಮನ ರವಿಕೆಗಳೆಲ್ಲ ಅವಳ ಕೈಯವು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಾಗ ನಾನು ಊರಲ್ಲಿರಲಿಲ್ಲ, ಎತ್ತಿ ಆಸ್ಪತ್ರೆಗೆ ಕರೆದೊಯ್ದವಳೂ ಅವಳೇ. ತೆನೆ ಹಬ್ಬದ ದಿನ ಅವಳು ಪಾಯಸ ಕಳಿಸುತ್ತಾಳೆ, ಅಮ್ಮ ಆ ಪಾತ್ರೆಯಲ್ಲಿ ತೊಂಡೆಕಾಯಿ ತುಂಬಿಸಿ ಕೊಡುತ್ತಾಳೆ. ಇಬ್ಬರಿಗೂ ಇದು ಉಪಕಾರ ಎಂದು ಅನ್ನಿಸಿದ್ದೇ ಇಲ್ಲ.

"ಡಬ್ಬದಂಗೆ ಎಂತ ಹಾಕ್ತಿದ್ದೆ?"

"ಮೀನ್. ಅಪ್ಪ ಚಟ್ಲಿ ತಂದ್ರೆ ಚಟ್ಲಿ. ಸಿಸ್ಟರಿಗೆ ಚಟ್ಲಿ ಅಂದ್ರೆ ಪ್ರಾಣ." ಚಟ್ಲಿ ಎಂದರೆ ಸೀಗಡಿ.

"ಮಳೆಗಾಲ್ದಂಗೆ? ದೋಣಿ ಇಳ್ಸುಕಿಲ್ಲೆ ಅಲ್ದಾ?"

"ಮಳೆಗಾಲ್ದಂಗೆ ಎಂತ ಇತ್ತ್ ಮನೀಲ್? ನಮ್ಗೇ ಗಂಜಿಗ್ ಗತಿ ಇಲ್ಲೆ. ನಾಚ್ಕಿ ಆತಿತ್ತ್. ಅದ್ಕೆ ನಿಂತ್ಕಂಡ್ ಒಂದ್ ಗಳ್ಗಿ ಸುದ್ದಿ ಹೇಳ್ತಿದ್ದೆ. ಫ್ಯಾಕ್ಟರಿ ಸುದ್ದಿ. ಅವ್ರಿಗೂ ಹೊತ್ತ್ ಹೋಯ್ಕಲೆ."

ಅವಳು ಇದನ್ನು ಬಹಳ ಸಲೀಸಾಗಿ ಹೇಳಿದಳು. ಯಾರ ಮದುವೆ, ಯಾರು ಜಾರಿ ಬಿದ್ದರು, ಯಾರ ಗಂಡ ಕುಡಿದು ಬಂದ. ನೀನು ಇನ್ನೇನು ಹೇಳುತ್ತಿದ್ದೆ ಎಂದು ಕೇಳಿದೆ. ಕೇಳುವಾಗ ನನಗೆ ಉತ್ತರದ ವಾಸನೆ ಬಂದಿತ್ತು. ಬಂದಿರಲಿಲ್ಲ ಎಂದು ಬರೆದರೆ ನಾನು ಒಳ್ಳೆಯವಳಾಗುತ್ತೇನೆ, ಅದಕ್ಕೇ ಬರೆಯುವುದಿಲ್ಲ.

ಆ ಫ್ಯಾಕ್ಟರಿಯಲ್ಲಿ ಹೆಂಚು ಸುಡುವ ಗೂಡಿನ ಕೆಲಸಕ್ಕೆ ಒಬ್ಬ ಯುವಕನಿದ್ದ. ಕೆಂಬಾವುಟದವನು. ಮಳೆಗಾಲ ಮುಗಿದು ಹೆಂಚು ಒಯ್ಯಲು ದೊಡ್ಡ ಹಾಯಿದೋಣಿ ಬರುವ ದಿನ ಯಾರೂ ಒಂದು ಹೆಂಚನ್ನೂ ಎತ್ತಬಾರದು, ಕೂಲಿ ಹೆಚ್ಚಿಸಿದರೆ ಮಾತ್ರ ಎತ್ತುವುದು ಎಂದು ಅವನು ಮಣ್ಣು ತುಳಿಯುವ ಹೆಂಗಸರಿಗೆ ಗುಟ್ಟಾಗಿ ಹೇಳಿದ್ದ. ಅಮ್ಮ ಮಣ್ಣು ತುಳಿಯುವವಳು. ಆ ವಾರ ಅವಳ ಹತ್ತಿರ ಇದ್ದ ಅತಿ ದೊಡ್ಡ ಸುದ್ದಿ ಅದು. ಡಬ್ಬ ಖಾಲಿ ಇತ್ತು. ಹೇಳಿದಳು.

ದೋಣಿ ಬರುವ ದಿನ ಬೆಳಿಗ್ಗೆ ಗೇಟಿನಲ್ಲಿ ಪೊಲೀಸರಿದ್ದರು. ಗೂಡಿನ ಕೆಲಸದವನನ್ನು ಒಳಗೆ ಬಿಡಲಿಲ್ಲ. ಉಳಿದವರು ಹೆದರಿ ಹೆಂಚು ಹೊತ್ತರು. ಅವನು ಕೆಲಸ ಹೋಗಿ ಬೊಂಬಾಯಿಗೆ ಹೊರಟುಹೋದ.

ಈ ಎರಡೂ ಸಂಗತಿ ಅಮ್ಮನಿಗೆ ಇಷ್ಟು ವರ್ಷವೂ ಗೊತ್ತಿತ್ತು. ತಾನು ಸಿಸ್ಟರಿಗೆ ಹೇಳಿದ್ದು ಗೊತ್ತಿತ್ತು, ಪೊಲೀಸರು ಬಂದದ್ದೂ ಗೊತ್ತಿತ್ತು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡುವ ಕಾರಣ ಅವಳಿಗೆ ಸಿಕ್ಕಿರಲಿಲ್ಲ. ಆ ಕಾರಣವನ್ನು ಅನ್ನದ ತಟ್ಟೆಯ ಮುಂದೆ ತಂದಿಟ್ಟವಳು ನಾನು.

"ಹಾಂಗಾರೆ ನಾನಾ?" ಎಂದು ಕೇಳಿದಳು.

ಅಲ್ಲ ಎಂದೆ. ಹೇಳಲು ತಡವಾಯಿತು. ಬೇರೆಯವರೂ ಹೇಳಿರಬಹುದು, ಮಣ್ಣಿನ ಶೆಡ್ಡಿನಲ್ಲಿ ಅಷ್ಟು ಹೆಂಗಸರಿದ್ದರು, ಮೇಸ್ತ್ರಿಗೆ ಕಿವಿ ಇತ್ತು ಎಂದೆಲ್ಲ ಹೇಳಿದೆ. ಸಿಸ್ಟರಿಗೆ ನಮ್ಮ ಭಾಷೆ ಬರುತ್ತಿತ್ತೇ ಎಂದೂ ಕೇಳಿದೆ.

"ಎಲ್ಲಿ ಬತ್ತಿತ್ತ್? ದೂರದವ್ರ್. ನಾನ್ ಎಂತ ಹೇಳಿರೂ ಹೌದು ಹೌದು ಅಂದಿ ತಲೆ ಆಡ್ಸುದ್."

ನನಗೆ ಉಸಿರು ಬಂತು. ಅರ್ಥವೇ ಆಗದವರು ಯಾರಿಗೆ ತಾನೇ ಹೇಳಿಯಾರು? ಆದರೆ ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಅಮ್ಮ ತಾನೇ ತಿದ್ದಿಕೊಂಡಳು. ದೂರದವರು ಮೊದಲು ಇದ್ದವರು, ಆ ಮಳೆಗಾಲ ಇದ್ದವರು ಬ್ರಹ್ಮಾವರದ ಕಡೆಯ ಕೊಂಕಣಿ ಮಾತಾಡುವವರು, ನಮ್ಮಂತೆಯೇ ಚೆಂದ ಮಾತಾಡುತ್ತಿದ್ದರು ಎಂದಳು. ಎರಡು ದಿನ ಬಿಟ್ಟು ಮತ್ತೆ ದೂರದವರೇ ಆದರು. ಯಾವುದು ಸರಿ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಮಾತು ಮಾತ್ರ ಅವಳು ಬದಲಿಸಲಿಲ್ಲ.

"ನಂಗೆ ಅವ್ನ್ ಹತ್ರ ಹೋಯ್ಕ್. ನಾನೇ ಹೇಳಿದ್ ಅಂದಿ ಹೇಳ್ಕ್. ಬೈಲಿ. ಬಾಯಿಗ್ ಬಂದಾಂಗೆ ಬೈಲಿ. ಬೈಸ್ಕಂಡ್ರೆ ಆಯ್ತ್."

ಆ ಗೂಡಿನ ಕೆಲಸದವನು ಬೊಂಬಾಯಿಯ ಹೋಟೆಲುಗಳಲ್ಲಿ ದುಡಿದು, ವಯಸ್ಸಾದ ಮೇಲೆ ನಾವುಂದದಲ್ಲಿ ಮಗಳ ಮನೆಗೆ ಬಂದಿದ್ದ. ಹಳೆಯ ಕಾರ್ಮಿಕರು ಅಲ್ಲೊಬ್ಬರು ಇಲ್ಲೊಬ್ಬರು ಇನ್ನೂ ಇದ್ದಾರೆ, ಅವರ ನಡುವೆ ಸುದ್ದಿ ಓಡಾಡುತ್ತದೆ. ನಾನು ಬಿಸಿಲು ಎಂದೆ, ಮಂಡಿ ನೋವು ಎಂದೆ, ಹೆದ್ದಾರಿ ದಾಟುವುದು ಕಷ್ಟ ಎಂದೆ. ದಿನಾ ಬೆಳಿಗ್ಗೆ ಅಮ್ಮ ಸೀರೆ ಉಟ್ಟು ಕೂತು "ಇವತ್ತ್ ಹೋಪನಾ?" ಎಂದು ಕೇಳುತ್ತಿದ್ದಳು. ಕೊನೆಗೆ ಬೈಂದೂರಿಗೆ ಹೋಗುವ ಬಸ್ಸು ಹತ್ತಿದೆವು.

ನಾವುಂದದ ಆ ಮನೆಯ ಜಗಲಿಯಲ್ಲಿ ಅವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಂದು ಕಣ್ಣಿಗೆ ಪೊರೆ ತೆಗೆಸಿದ ಪಟ್ಟಿ. ಅಮ್ಮ ತಾನು ಯಾರೆಂದು ಹೇಳಿದ ಕೂಡಲೇ ಮುಖ ಅರಳಿತು.

"ಹ್ವಾಯ್, ಮಣ್ಣ್ ತುಳೂ ಹೆಣ್ಣ್. ಇನ್ನೂ ಇದ್ಯಾ ನೀನ್?"

"ನೀವ್ ಹೋಯ್ಲಿ ಅಂದಿ ಕಾಯ್ತಾ ಇದ್ದೆ."

"ನಾನ್ ಹೋಪುದಿಲ್ಲೆ ಮಾರಾಯ್ತಿ. ಯಮ ಬಂದ್ರೆ ಹಿಂದಿಯಂಗೆ 'ಕಲ್ ಆನಾ', ನಾಳೆ ಬಾ ಅಂದಿ ಕಳ್ಸುದ್." ಅವರು ನಕ್ಕರು, ಮಗಳನ್ನು ಕರೆದು ಚಾ ಹೇಳಿದರು.

ಅಮ್ಮ ಚಾ ಬರುವವರೆಗೂ ಕಾಯಲಿಲ್ಲ. ನಿಂತುಕೊಂಡೇ ಹೇಳಿದಳು. ಡಬ್ಬ, ಮಳೆಗಾಲ, ಸುದ್ದಿ, ಗೇಟಿನ ಪೊಲೀಸರು, ನಾನು ಪುಸ್ತಕದಲ್ಲಿ ಓದಿ ಹೇಳಿದ್ದು. ಹೇಳಿ ಮುಗಿಸಿ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಬೈಗುಳಕ್ಕೆ ತಲೆ ಬಗ್ಗಿಸಿ ನಿಂತಳು.

ಅವರು ಬೈಯಲಿಲ್ಲ. ನನ್ನ ಕಡೆ ತಿರುಗಿ, ಯಾವ ಪುಸ್ತಕದಲ್ಲಿ ಇದೆಲ್ಲ ಇದೆ, ಯಾರು ಬರೆದದ್ದು, ನಿಜವೇ ಎಂದು ಕೇಳಿದರು. ಆ ಮೇಲೆ ಅವರ ದನಿ ಬೇರೆಯಾಯಿತು.

"ಕಂಡ್ರ್ಯಾ. ನಾನ್ ಆವತ್ತೇ ಹೇಳಿದ್ದೆ, ಹೊರಗಿನ್ ಕೈ ಇತ್ತ್ ಅಂದಿ. ಯಾರ್ ನಂಬ್ರ್? ನನ್ನನ್ನೇ ಅಂದ್ರ್. ಧಣಿ ಹತ್ರ ದುಡ್ಡ್ ತಿಂದ್ ಬೊಂಬಾಯಿಗ್ ಓಡ್ದ ಅಂದ್ರ್. ನನ್ನ ಹೆಂಡ್ತಿ ಅದನ್ ಕೇಂತಾ ಕೇಂತಾ ಸತ್ತ್ ಹೋಯ್ತ್."

ಇದು ನಮಗೆ ಗೊತ್ತಿರಲಿಲ್ಲ. ಅಮ್ಮ ನೆಲದ ಮೇಲೆ ಕೂತುಬಿಟ್ಟಳು.

ನಾನು ಬಾಯಿ ಹಾಕಿದೆ. ನಮ್ಮ ಊರಿನ ಬಗ್ಗೆ ಪುಸ್ತಕದಲ್ಲಿ ಏನೂ ಇಲ್ಲ, ಸಿಸ್ಟರಿಗೆ ಭಾಷೆ ಬರುತ್ತಿತ್ತೋ ಇಲ್ಲವೋ ಎಂಬುದೇ ಖಾತ್ರಿ ಇಲ್ಲ, ಹಾಲು ಕೊಟ್ಟವರಿಗೂ ಪೊಲೀಸರಿಗೂ ಸಂಬಂಧ ಇತ್ತೆಂದು ಹೇಳಲಾಗದು ಎಂದೆ.

"ಹಾಂಗಾರೆ ಪುಸ್ತಕ ಸುಳ್ಳಾ?"

"ಸುಳ್ಳಲ್ಲ. ಅದ್ರಂಗೆ ನಮ್ಮೂರಿಲ್ಲೆ, ಅಷ್ಟೇ."

"ಜಗತ್ತ್ ಇತ್ತಲ್ದಾ? ನಮ್ಮೂರ್ ಜಗತ್ತಂಗಿಲ್ಯಾ?" ಎಂದರು. ಆಮೇಲೆ ಅಮ್ಮನಿಗೆ ಹೇಳಿದರು, "ನೀನ್ ಒಂದ್ ಸರ್ತಿ ಮೈಕಂಗೆ ಹೇಳ್ಕ್. ಎಲ್ಲರ್ ಎದ್ರಿಗೆ. ನಾನ್ ಸಾಯುಕ್ ಮುಂಚೆ. ಅಷ್ಟೇ ಸಾಕ್."

ಅಮ್ಮ ಆಯಿತು ಎಂದಳು. ಇದನ್ನು ನಿರಾಕರಿಸುವ ಹಕ್ಕು ತನಗಿದೆ ಎಂದು ಅವಳಿಗೆ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ನನ್ನ ತೊಂದರೆಯಾಗಿತ್ತು.

ಹಳೆಯ ಹೆಂಚು ಕಾರ್ಮಿಕರ ಸಭೆ ಕುಂದಾಪುರದಲ್ಲೇ ನಡೆಯಿತು. ಸಣ್ಣ ಸಭಾಂಗಣ, ಕೆಂಪು ಬಾವುಟ, ಮುಂದಿನ ಸಾಲಿನಲ್ಲಿ ಊರುಗೋಲುಗಳು. ನಾವುಂದದವರನ್ನು ವೇದಿಕೆಯಲ್ಲಿ ಕೂರಿಸಿದ್ದರು, ಕಣ್ಣಿನ ಪಟ್ಟಿ ತೆಗೆದಿತ್ತು. ಅಮ್ಮನ ಹೆಸರು ಕರೆದಾಗ ನಾನು ಅವಳ ತೋಳು ಹಿಡಿದು ಮೆಟ್ಟಿಲು ಹತ್ತಿಸಿದೆ. ಮೈಕಿಗೆ ಅವಳು ಎಟಕಲಿಲ್ಲ, ಸಂಘದ ಕಾರ್ಯದರ್ಶಿ ಅದನ್ನು ಬಗ್ಗಿಸಿ ಕೊಟ್ಟ.

ಅವಳು ಮನೆಯಲ್ಲಿ ಹೇಳಿದಂತೆಯೇ ಹೇಳಿದಳು. "ಸಿಸ್ಟರ್ ಹಾಲ್ ಕೊಡ್ತಿದ್ರ್. ನಂಗೆ ಕೊಡುಕ್ ಎಂತದೂ ಇತ್ತಿಲ್ಲೆ. ಫ್ಯಾಕ್ಟರಿ ಸುದ್ದಿ ಹೇಳ್ದೆ. ಇವ್ರ್ ದುಡ್ಡ್ ತಿಂದವ್ರಲ್ಲ. ಬಾಯಿ ಬಿಟ್ಟದ್ದ್ ನಾನ್. ತಪ್ಪಾಯ್ತ್."

ಚಪ್ಪಾಳೆ ಬಿತ್ತು. ಮೊದಲು ಹಿಂದಿನಿಂದ, ಆ ಮೇಲೆ ಎಲ್ಲ ಕಡೆಯಿಂದ. ನಾವುಂದದವರು ಕುರ್ಚಿಯಿಂದ ಎದ್ದು, ಅತ್ತು, ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ಮೈಕು ಹಿಡಿದು ಸಾಮ್ರಾಜ್ಯಶಾಹಿಯ ಬಗ್ಗೆ ಮಾತಾಡತೊಡಗಿದ. ಅಮ್ಮ ಇನ್ನೂ ಅಲ್ಲೇ ನಿಂತಿದ್ದಳು, ಇನ್ನೇನೋ ಬರಬೇಕಿದೆ ಎಂಬಂತೆ ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ನಾನೂ ಚಪ್ಪಾಳೆ ತಟ್ಟಿದೆ. ತಟ್ಟದಿದ್ದರೆ ಚೆನ್ನಾಗಿರುವುದಿಲ್ಲ ಅನ್ನಿಸಿತು.

ರಿಕ್ಷಾದಲ್ಲಿ ವಾಪಸು ಬರುವಾಗ ಹೇಳಿದಳು, "ಬೈತ್ರ್ ಅಂದ್ಕಂಡಿದ್ದೆ. ಒಬ್ರಾರೂ ಬೈಲಿಲ್ಲೆ."

"ಅವ್ರಿಗೆ ಖುಷಿ ಆಯ್ತಮ್ಮ."

"ಖುಷಿ ಆಪುದೆಂತಕೆ? ನಾನ್ ತಪ್ಪಾಯ್ತ್ ಅಂದದ್ದ್."

ಆ ದಿನದ ನಂತರ ಅವಳು ಮತ್ತೂ ಕುಗ್ಗಿದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಎರಡು ತುತ್ತು ತಿಂದು ತಟ್ಟೆಯನ್ನೇ ನೋಡುತ್ತಿದ್ದಳು.

ಒಂದು ವಾರ ಕಳೆದಿರಬಹುದು, ನನ್ನ ಫೋನಿಗೆ ಒಂದು ವೀಡಿಯೊ ಬಂತು. ಸಭೆಯಲ್ಲಿ ಯಾರೋ ತೆಗೆದದ್ದು. ಅದನ್ನು ಬೇರೆ ಯಾರೋ ಕತ್ತರಿಸಿದ್ದರು. ಕೆಂಬಾವುಟ ಇಲ್ಲ, ನಾವುಂದದವರು ಇಲ್ಲ, ತಪ್ಪಾಯಿತು ಎಂಬ ಮಾತೂ ಇಲ್ಲ. ಅಮ್ಮನ ಮುಖ ಮಾತ್ರ, "ಸಿಸ್ಟರ್ ಹಾಲ್ ಕೊಡ್ತಿದ್ರ್, ಫ್ಯಾಕ್ಟರಿ ಸುದ್ದಿ ಹೇಳ್ದೆ" ಎನ್ನುವಷ್ಟು. ಕೆಳಗೆ ದಪ್ಪ ಅಕ್ಷರದಲ್ಲಿ ವಿದೇಶಿ ಹಣ, ಹಾಲಿನ ಆಮಿಷ, ಹಿಂದೂಗಳೇ ಎಚ್ಚರ ಎಂದು ಬರೆದಿತ್ತು. ಅದನ್ನು ಹಂಚುತ್ತಿದ್ದವರು ಕೆಂಬಾವುಟವನ್ನು ಕಂಡರೆ ಉರಿದುಬೀಳುವವರು. ಆ ಕಾಲದಲ್ಲಿ ಇದ್ದಿದ್ದರೆ ಗೇಟಿನ ಪೊಲೀಸರಿಗೆ ಚಾ ಕೊಡುತ್ತಿದ್ದರು. ಈಗ ಅವರ ಕೈಯಲ್ಲಿ ಅಮ್ಮ ಸಿಕ್ಕಿದ್ದಳು. ನನ್ನ ಓದು ಸುತ್ತಿ ಸುತ್ತಿ ಅಲ್ಲಿಗೆ ಹೋಗಿ ಮುಟ್ಟಿತ್ತು.

ನಾನು ಅದನ್ನು ಅಮ್ಮನಿಗೆ ತೋರಿಸಲಿಲ್ಲ. ಬಾವಿಯಾಚೆಯ ಮನೆಯವಳಿಗೆ ಬಂದಿರದಿರಲಿ ಎಂದುಕೊಂಡೆ. ಬಂದಿತ್ತು.

ಅವಳು ಬೆಳಿಗ್ಗೆ ಹತ್ತರ ಹೊತ್ತಿಗೆ ಬಂದಳು, ಕುತ್ತಿಗೆಯಲ್ಲಿ ಅಳತೆ ಪಟ್ಟಿ ಹಾಗೇ ಇತ್ತು. ಅಮ್ಮ ಅಂಗಳದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಾನು ಒಳಗೆ ಒಲೆಯ ಮುಂದೆ ಇದ್ದೆ. ಅಡುಗೆಮನೆಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು. ಅವಳು ಮೊದಲು ಫೋನು ಹಿಡಿದು ಅಮ್ಮನಿಗೆ ಅಮ್ಮನದೇ ದನಿ ಕೇಳಿಸಿದಳು.

"ಇದ್ ನೀವ್ ಅಲ್ದಾ?"

"ನಾನೇ."

"ನಮ್ಮ ದೊಡ್ಡಮ್ಮ ಅದೇ ಕಾನ್ವೆಂಟಂಗೆ ಪಾತ್ರೆ ತೊಳ್ದವ್ರ್. ಅವ್ರ್ ಯಾವ್ ಸರ್ಕಾರದವ್ರನ್ ಕಂಡವ್ರ್? ದಿನಾ ಹಾಲ್ ಕಲ್ಸಿ ಕಲ್ಸಿ ಕೈ ಬಿಳಿ ಆಯ್ತ್ ಅಂದಿ ನೆಗಾಡ್ತಿದ್ರ್. ನಿಮ್ಮ ತಮ್ಮಂದಿರಿಗೂ ಅವ್ರೇ ಡಬ್ಬ ತುಂಬ್ಸಿ ಕೊಟ್ಟಿರೂದ್. ಆ ಹಾಲ್ ಕುಡ್ದ್ ಬದ್ಕಿದವ್ರ್ ಅಲ್ದಾ ಅವ್ರ್?"

"ಹೌದ್."

"ಯಾರಾರೂ ಬಂದ್ ನಮ್ಮತ್ರ ಮತಾಂತರ ಮಾಡುಕ್ ಬಂದವ್ರಾ ಅಂದ್ರೆ ನೀವ್ ಎದ್ರ್ ನಿಲ್ತ್ರಿ ಅಂದಿ ನಾನ್ ಗ್ರಹಿಸ್ಕಂಡಿದ್ದೆ. ಈಗ ಅವ್ರ್ ನಿಮ್ಮನ್ನೇ ಹಿಡ್ಕಂಡ್ ಬತ್ರ್. ನಿಮ್ಮ ಮುಖ ತೋರ್ಸಿ ಬತ್ರ್. ನಾಳೆ ನನ್ನ ಬಾಗ್ಲಿಗೆ ಕಲ್ಲ್ ಬಿದ್ರೆ ಯಾರನ್ ಕರೂದ್ ನಾನ್? ಇಷ್ಟ್ ವಯಸ್ಸಾಯ್ತ್, ಮೈಕ್ ಕಂಡ್ರೆ ಬಾಯಿ ನಿಲ್ಲುದಿಲ್ಯಾ ನಿಮ್ಗೆ?"

ಅಮ್ಮ ಸೊಪ್ಪು ಬದಿಗಿಟ್ಟು ಎದ್ದು ನಿಂತಿದ್ದಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ನೀ ಹೇಳುದ್ ಸಮ," ಎಂದಳು. "ಇನ್ನೂ ಹೇಳ್."

"ಇನ್ನೆಂತ ಹೇಳುದ್? ನಿಮ್ಮನ್ ಅಮ್ಮ ಅಂತಿದ್ದೆ ನಾನ್." ಆಮೇಲೂ ಬೈದಳು. ಬಹಳ ಹೊತ್ತು ಬೈದಳು. ಕೆಲವು ಮಾತು ಕೊಂಕಣಿಯಲ್ಲಿದ್ದವು, ನನಗೆ ಅರ್ಥವಾಗಲಿಲ್ಲ. ಅಮ್ಮ ಎಲ್ಲದಕ್ಕೂ ತಲೆ ಬಗ್ಗಿಸಿದಳು.

ನಾನು ಹೊರಗೆ ಹೋಗಬೇಕಿತ್ತು. ಅಂಗಳಕ್ಕೆ ಇಳಿದು, ಇದು ಅಮ್ಮನ ತಪ್ಪಲ್ಲ, ಅವಳ ಬಾಯಿಗೆ ಈ ಕಥೆ ಹಾಕಿದವಳು ನಾನು ಎನ್ನಬೇಕಿತ್ತು. ಒಲೆಯ ಮೇಲೆ ಎಣ್ಣೆ ಕಾದಿತ್ತು. ಸಾಸಿವೆ ಹಾಕಿದೆ. ಅದು ಸಿಡಿಯುವ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ ಎಂದು ಯಾರಾದರೂ ನಂಬಬಹುದಿತ್ತು. ಸಾರಿಗೆ ಒಂದು ಒಗ್ಗರಣೆ ಸಾಕು, ನಾನು ಎರಡನೆಯದನ್ನೂ ಹಾಕಿದೆ.

ಅವಳು ಹೋದ ಮೇಲೆ ಅಮ್ಮ ಒಳಗೆ ಬಂದು ಕೈ ತೊಳೆದಳು. ತಟ್ಟೆ ಹಾಕಿಕೊಂಡು ಕೂತು, ಕೇಳಿ ಕೇಳಿ ಬಡಿಸಿಕೊಂಡು ಉಂಡಳು. ನನ್ನ ಕಡೆ ನೋಡಲಿಲ್ಲ. ಊಟ ಮುಗಿದ ಮೇಲೆ "ಸಾರಿಗೆ ಸಾಸ್ಮಿ ಜಾಸ್ತಿ ಆಯ್ತ್," ಎಂದಳು, ಅಷ್ಟೇ.

ಈಗ ಅಮ್ಮ ಸಂಜೆ ಅಂಗಡಿಗೆ ಹೋಗುವಾಗ ಬಾವಿಯ ಬದಿಯಿಂದ, ಆ ಮನೆಯ ಜಗಲಿಯ ಮುಂದಿನಿಂದಲೇ ಹೋಗುತ್ತಾಳೆ. ಹೊಲಿಗೆ ಯಂತ್ರದ ಸದ್ದು ನಿಲ್ಲುವುದಿಲ್ಲ, ಒಳಗಿನಿಂದ ಮಾತೂ ಬರುವುದಿಲ್ಲ. ಅಮ್ಮ ಒಂದು ಗಳಿಗೆ ಅಲ್ಲಿ ನಿಂತು ಮುಂದೆ ಹೋಗುತ್ತಾಳೆ. ನಾನು ಹಿಂದಿನ ತೆಂಗಿನ ಹಿತ್ತಲು ಬಳಸಿ ಹೋಗುತ್ತೇನೆ.